ಪ್ಲೇಗಿನ ಸೂಜಿ ಮತ್ತು ತಾಯಿಕೋಶದ ಹೊಕ್ಕುಳಬಳ್ಳಿ

ಸದಾಶಿವ ಪೇಠ, ೧೮೯೭

ಪುಣೆಯ ಸದಾಶಿವ ಪೇಠವು ೧೭೬೧ರ ಪಾಣಿಪತ್ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ಹೆಸರನ್ನು ಹೊತ್ತ ಬಡಾವಣೆ. ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ಬೆಳಗಾವಿ, ಧಾರವಾಡ, ವಿಜಾಪುರ, ಕಲಬುರ್ಗಿಗಳ ಕಡೆಯಿಂದ ಬಂದ ಕನ್ನಡಿಗರಿಗೆ ಈ ಪೇಠದ ಬಾಡಿಗೆಯ ಕೋಣೆಗಳೂ ಖಾನಾವಳಿಗಳೂ ಹೊಸವಲ್ಲ. ನಡುವೆ ಅಂಗಳ, ಸುತ್ತಲೂ ಪಡಸಾಲೆ, ಮೇಲೆ ಮರದ ಅಟ್ಟ, ಮೂಲೆಯಲ್ಲಿ ಧಾನ್ಯದ ಕೋಣೆ ಇದ್ದ ಹಳೆಯ ವಾಡೆಗಳು ಇಂದು ವಿರಳವಾಗಿವೆ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಇಂಥ ವಾಡೆಗಳೇ ಈ ಊರಿನ ಸಾಮಾನ್ಯ ವಸತಿಯಾಗಿದ್ದುವು. ಆ ಧಾನ್ಯದ ಕೋಣೆಗಳಲ್ಲಿ ಇಲಿಗಳು ಒಂದೊಂದಾಗಿ ಬೀಳತೊಡಗಿದಾಗ ಮನೆಯವರಿಗೆ ಅದರ ಅರ್ಥ ಬಹುಬೇಗ ತಿಳಿಯಿತು.

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಆ ವರ್ಷ ಮುಗಿಯುವುದರೊಳಗೆ ಪುಣೆಯನ್ನು ಹೊಕ್ಕಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸೈನಿಕರು ಪೇಠಗಳ ಮನೆಮನೆಯನ್ನೂ ಶೋಧಿಸಿದರು. ರೋಗಿಗಳನ್ನು ಆಸ್ಪತ್ರೆಗೂ ಮನೆಯ ಉಳಿದವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಿದರು. ದೇವರ ಕೋಣೆ, ಅಡುಗೆಯ ಮನೆಗಳೆಂಬ ಭೇದವಿಲ್ಲದೆ ನಡೆದ ಆ ಶೋಧನೆಯಿಂದ ಜನ ರೊಚ್ಚಿಗೆದ್ದರು, ರೋಗಿಗಳನ್ನು ಬಚ್ಚಿಟ್ಟರು. ಅದೇ ವರ್ಷ ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದುದು ದೇಶದ ಇತಿಹಾಸದಲ್ಲಿ ದಾಖಲಾದ ಸಂಗತಿ. ಅದಕ್ಕೂ ಮೊದಲೇ, ಮಾರ್ಚ್ ೧೦ರಂದು, ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನಿಂದಲೇ ತೀರಿಕೊಂಡಿದ್ದರು.

ಪ್ಲೇಗು ಪುಣೆಯಲ್ಲಿಯೇ ನಿಲ್ಲಲಿಲ್ಲ. ರೈಲುಮಾರ್ಗವನ್ನು ಹಿಡಿದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಮಾರಿಯ ದಿನಗಳ ನಂತರವೇ. ‘ಪ್ಲೇಗಮ್ಮ’ನಿಗೆ ಗುಡಿ ಕಟ್ಟಿದ ಊರುಗಳೂ ನಮ್ಮಲ್ಲಿ ಉಂಟು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಓದಿದವರು ಅಗ್ರಹಾರದಲ್ಲಿ ಇಲಿ ಬೀಳುವ ಚಿತ್ರವನ್ನು ಮರೆತಿರಲಾರರು.

ಅಂದಿನ ಅಧಿಕಾರಿಗಳಿಗಾಗಲಿ ಜನತೆಗಾಗಲಿ ಎರಡು ವಿಷಯಗಳು ತಿಳಿದಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟವೆಂಬುದು ಮೊದಲನೆಯದು. ಇದನ್ನು ೧೮೯೮ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಪ್ರಯೋಗಗಳಿಂದ ತೋರಿಸಿದನು. ರೋಗಾಣುವು ದೇಹದೊಳಗೆ ಸೇರಿದ ಮೇಲೆ, ರಕ್ಷಣೆಗೆಂದು ಧಾವಿಸಿ ಬರುವ ಬಿಳಿಯ ರಕ್ತಕಣಗಳನ್ನು ಹೇಗೆ ಸೋಲಿಸುತ್ತದೆಂಬುದು ಎರಡನೆಯದು. ಇದಕ್ಕೆ ಉತ್ತರ ದೊರೆಯಲು ಸುಮಾರು ನೂರು ವರ್ಷಗಳೇ ಬೇಕಾದುವು. ಆ ಉತ್ತರವೇ ಈ ಲೇಖನದ ವಸ್ತು.

ಎರಡು ಗೋಡೆಗಳ ಕೋಟೆ

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ವಿಜ್ಞಾನಿ ಪ್ಲೇಗಿನ ಗಂಟಿನಿಂದ ರೋಗಾಣುವನ್ನು ಬೇರ್ಪಡಿಸಿದನು. ಅವನ ಗೌರವಾರ್ಥವಾಗಿ ಅದನ್ನು ಈಗ ‘ಯೆರ್ಸಿನಿಯ ಪೆಸ್ಟಿಸ್’ ಎಂದು ಕರೆಯುತ್ತಾರೆ. ಇದು ಒಂದು ಬ್ಯಾಕ್ಟೀರಿಯ, ಎಂದರೆ ಒಂದೇ ಜೀವಕೋಶದಿಂದಾದ ಏಕಾಣುಜೀವಿ. ಇದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ.

ಗಾತ್ರದಲ್ಲಿ ಇಷ್ಟು ಸಣ್ಣದಾದರೂ ಪ್ರತಿಯೊಂದು ಬ್ಯಾಕ್ಟೀರಿಯವೂ ಒಂದು ಕಾರ್ಖಾನೆ. ಅದು ತನ್ನೊಳಗೆ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಹೆಚ್ಚಿನವು ಒಳಗಿನ ಕೆಲಸಗಳಿಗೇ ಮೀಸಲು. ಕೆಲವನ್ನು ಮಾತ್ರ ಹೊರಗೆ ಕಳುಹಿಸಬೇಕಾಗುತ್ತದೆ: ಆಹಾರವನ್ನು ಕರಗಿಸುವ ಕಿಣ್ವಗಳು, ಮೇಲ್ಮೈಗೆ ಅಂಟಿಕೊಳ್ಳಲು ಬೇಕಾದ ಎಳೆಗಳು, ಶತ್ರುವಿನ ಮೇಲೆ ಪ್ರಯೋಗಿಸುವ ವಿಷಗಳು. ಹೀಗೆ ಪ್ರೋಟೀನನ್ನು ಒಳಗಿನಿಂದ ಹೊರಗೆ ಸಾಗಿಸುವುದನ್ನು ‘ಸ್ರವಿಕೆ’ ಎನ್ನುತ್ತಾರೆ.

ಸ್ರವಿಕೆ ಸುಲಭವಾದ ಕಾರ್ಯವಲ್ಲ. ಪ್ಲೇಗು, ಟೈಫಾಯಿಡ್, ಕಾಲರಾ, ಆಮಶಂಕೆಗಳ ರೋಗಾಣುಗಳಿಗೆ ಒಂದಲ್ಲ, ಎರಡು ಪೊರೆಗಳಿವೆ. ಎರಡು ಸುತ್ತಿನ ಕೋಟೆಯಿಂದ ಸರಕನ್ನು ಹೊರಗೆ ಸಾಗಿಸಬೇಕಾದರೆ ಒಳಕೋಟೆಗೊಂದು, ಹೊರಕೋಟೆಗೊಂದು ಬಾಗಿಲು ಬೇಕು; ಅಥವಾ ಎರಡನ್ನೂ ಒಮ್ಮೆಗೇ ದಾಟುವ ಸುರಂಗ ಬೇಕು. ಬಾಗಿಲು ಸದಾ ತೆರೆದಿದ್ದರೆ ಒಳಗಿನ ಜೀವದ್ರವ್ಯವೇ ಸೋರಿಹೋಗುವುದು. ಆದ್ದರಿಂದ ಬೇಕಾದಾಗ ಮಾತ್ರ ತೆರೆದು, ಗುರುತು ಹಿಡಿದ ಸರಕನ್ನಷ್ಟೇ ಬಿಟ್ಟು, ಕೂಡಲೇ ಮುಚ್ಚಿಕೊಳ್ಳುವ ಯಂತ್ರಗಳು ಬ್ಯಾಕ್ಟೀರಿಯಗಳಲ್ಲಿ ರೂಪುಗೊಂಡಿವೆ. ವಿಜ್ಞಾನಿಗಳು ಇವನ್ನು ಒಂದನೆಯ ಬಗೆ, ಎರಡನೆಯ ಬಗೆ ಎಂದು ಅಂಕಿಗಳಿಂದ ಹೆಸರಿಸುತ್ತಾರೆ.

ಪ್ಲೇಗಿನ ಸೂಜಿ

ಪ್ಲೇಗಿನ ರೋಗಾಣುವಿನಲ್ಲಿರುವುದು ಮೂರನೆಯ ಬಗೆಯ ಯಂತ್ರ. ಇದರ ಆಕಾರ ವೈದ್ಯರು ಬಳಸುವ ಚುಚ್ಚುಮದ್ದಿನ ಪಿಚಕಾರಿಯನ್ನು ಬಹುವಾಗಿ ಹೋಲುತ್ತದೆ. ಎರಡು ಪೊರೆಗಳಲ್ಲಿಯೂ ಉಂಗುರಗಳ ಆಕಾರದ ಬುಡ ನೆಟ್ಟಿರುತ್ತದೆ. ಅದರಿಂದ ಟೊಳ್ಳಾದ ಸೂಜಿಯೊಂದು ಹೊರಗೆ ಚಾಚಿಕೊಂಡಿರುತ್ತದೆ. ಸೂಜಿಯ ಉದ್ದ ಸುಮಾರು ಅರವತ್ತು ನ್ಯಾನೊಮೀಟರು. ಒಂದು ನ್ಯಾನೊಮೀಟರು ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಸೂಜಿಯ ಒಳರಂಧ್ರ ಎರಡೂವರೆ ನ್ಯಾನೊಮೀಟರಿನಷ್ಟು ಕಿರಿದು. ಮಡಿಸಿಕೊಂಡ ಪ್ರೋಟೀನು ಇಂಥ ರಂಧ್ರದಲ್ಲಿ ತೂರಲಾರದು. ನೂಲಿನಂತೆ ಬಿಚ್ಚಿಕೊಂಡೇ ಹೊರಬರಬೇಕು. ಸೂಜಿ ಎಷ್ಟು ಉದ್ದ ಬೆಳೆಯಬೇಕೆಂಬುದನ್ನು ಅಳೆಯಲು ಅಳತೆಗೋಲಿನಂಥ ಪ್ರೋಟೀನೊಂದು ಬೇರೆ ಇದೆ. ಆ ಪ್ರೋಟೀನನ್ನು ಉದ್ದ ಮಾಡಿದರೆ ಸೂಜಿಯೂ ಉದ್ದವಾಗುತ್ತದೆ, ಗಿಡ್ಡ ಮಾಡಿದರೆ ಗಿಡ್ಡವಾಗುತ್ತದೆ ಎಂಬುದನ್ನು ೨೦೦೩ರಲ್ಲಿ ಪ್ರಯೋಗಗಳು ತೋರಿಸಿದುವು.

ಇದರ ಅರಿವು ಒಮ್ಮೆಲೇ ಉಂಟಾದುದಲ್ಲ. ದೇಹದ ಉಷ್ಣತೆಯಾದ ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಸುಣ್ಣದ ಅಂಶ ಕಡಿಮೆಯಿರುವ ದ್ರವದಲ್ಲಿ ಪ್ಲೇಗಿನ ರೋಗಾಣುಗಳು ಬೆಳೆಯುವುದನ್ನು ನಿಲ್ಲಿಸುತ್ತವೆ ಎಂಬ ವಿಚಿತ್ರ ಸಂಗತಿ ೧೯೫೦ರ ದಶಕದಲ್ಲಿಯೇ ಗೊತ್ತಾಗಿತ್ತು. ಹೀಗೆ ಬೆಳವಣಿಗೆ ನಿಂತಾಗ ಅವು ಕೆಲವು ಪ್ರೋಟೀನುಗಳನ್ನು ಧಾರಾಳವಾಗಿ ಹೊರಸೂಸುತ್ತವೆಂದು ಮುಂದೆ ಕಂಡುಬಂದಿತು. ಮೊದಲು ಇವು ಹೊರಪೊರೆಯ ಪ್ರೋಟೀನುಗಳೆಂದೇ ಭಾವಿಸಲಾಗಿದ್ದಿತು. ‘ಯಾಪ್’ ಎಂಬ ಅವುಗಳ ಹೆಸರಿನಲ್ಲಿ ಆ ತಪ್ಪು ಭಾವನೆ ಇಂದಿಗೂ ಉಳಿದಿದೆ. ಸ್ವೀಡನ್ನಿನ ಹಾನ್ಸ್ ವುಲ್ಫ್-ವಾಟ್ಸ್ ಮತ್ತು ಬೆಲ್ಜಿಯಮ್ಮಿನ ಗೀ ಕೊರ್ನೆಲಿಸ್ ಅವರ ತಂಡಗಳು ೧೯೯೦ರ ದಶಕದಲ್ಲಿ ನಿಜಾಂಶವನ್ನು ಹೊರಗೆಡಹಿದುವು. ಈ ಪ್ರೋಟೀನುಗಳು ಹೊರಗಿನ ದ್ರವಕ್ಕೆ ಚೆಲ್ಲುವುದಕ್ಕಾಗಿ ತಯಾರಾದವಲ್ಲ. ನೇರವಾಗಿ ನಮ್ಮ ಜೀವಕೋಶದೊಳಕ್ಕೆ ಚುಚ್ಚುವುದಕ್ಕಾಗಿ ತಯಾರಾದವು. ೧೯೯೮ರಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯದಿಂದ ಇಂಥ ಸೂಜಿಯನ್ನು ಬೇರ್ಪಡಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರವನ್ನು ತೆಗೆದದ್ದು ಹೋರ್ಹೆ ಗಾಲಾನ್ ಅವರ ತಂಡ.

ಸೂಜಿಯ ಕಾರ್ಯ

ಚಿಗಟದ ಹೊಟ್ಟೆ ತಂಪು. ಅಲ್ಲಿರುವಾಗ ರೋಗಾಣುವಿಗೆ ಸೂಜಿಯ ಅಗತ್ಯವಿಲ್ಲ. ಚಿಗಟ ಮನುಷ್ಯನನ್ನು ಕಚ್ಚಿ, ರೋಗಾಣು ಬಿಸಿಯಾದ ದೇಹವನ್ನು ಹೊಕ್ಕೊಡನೆ ಸೂಜಿಯ ತಯಾರಿಕೆ ಆರಂಭವಾಗುತ್ತದೆ. ಕಾಲಿಗೆ ಕಚ್ಚಿದ್ದರೆ ರೋಗಾಣು ತೊಡೆಯ ಸಂದಿನ ಹಾಲುರಸದ ಗ್ರಂಥಿಯನ್ನು ಸೇರುತ್ತದೆ. ಅಲ್ಲಿ ಎದ್ದು ಕಾಣುವ ನೋವಿನ ಗಂಟೇ ಪ್ಲೇಗಿನ ಕುರುಹು.

ಗ್ರಂಥಿಯಲ್ಲಿ ರೋಗಾಣುವನ್ನು ಎದುರಿಸುವುದು ಬಿಳಿಯ ರಕ್ತಕಣಗಳು. ಇವು ಶತ್ರುವನ್ನು ಸುತ್ತುವರಿದು ನುಂಗುವ ಪೋಲೀಸರಿದ್ದಂತೆ. ಇಂಥ ಕಣವೊಂದು ರೋಗಾಣುವನ್ನು ಮುಟ್ಟಿದ ಕ್ಷಣದಲ್ಲಿಯೇ ಸೂಜಿ ಚುರುಕಾಗುತ್ತದೆ. ಸೂಜಿಯ ತುದಿಯಲ್ಲಿರುವ ಪ್ರೋಟೀನುಗಳು ಕಣದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಅದರ ಮೂಲಕ ಆರು ಬಗೆಯ ಯಾಪ್‌ಗಳು ಒಳಗೆ ಸೇರುತ್ತವೆ. ಕೆಲವು ಯಾಪ್‌ಗಳು ಕಣದ ಒಳ ಅಸ್ಥಿಪಂಜರವನ್ನು ಸಡಿಲಗೊಳಿಸುತ್ತವೆ. ಕಣಕ್ಕೆ ಬಾಯಿ ತೆರೆದು ನುಂಗುವ ಶಕ್ತಿಯೇ ಹೋಗುತ್ತದೆ. ಒಂದು ಯಾಪ್, ಕಣದೊಳಗೆ ಸುದ್ದಿಯನ್ನು ಒಯ್ಯುವ ಅಣುಗಳಿಂದ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಟೆಲಿಫೋನಿನ ತಂತಿಯನ್ನು ಕತ್ತರಿಸಿದಂತೆ. ಇನ್ನೊಂದು ಯಾಪ್, ನೆರವನ್ನು ಕೋರುವ ಕೂಗನ್ನೇ ಅಡಗಿಸಿ ಕಣವನ್ನು ಸಾವಿಗೆ ದೂಡುತ್ತದೆ.

ಪ್ಲೇಗಿನ ಭೀಕರತೆಯ ಗುಟ್ಟು ಇದರಲ್ಲಿಯೇ ಅಡಗಿದೆ. ದೇಹದ ಕಾವಲು ಎಚ್ಚರಗೊಳ್ಳುವ ಮೊದಲೇ ರೋಗಾಣು ಎಣಿಕೆಗೆ ಮೀರಿ ಬೆಳೆದಿರುತ್ತದೆ. ಚಿಕಿತ್ಸೆಯಿಲ್ಲದ ಗಂಟುಪ್ಲೇಗಿನಲ್ಲಿ ನೂರಕ್ಕೆ ಮೂವತ್ತರಿಂದ ಅರವತ್ತು ಜನ ಸಾಯುತ್ತಾರೆ. ಶ್ವಾಸಕೋಶದ ಪ್ಲೇಗಿನಲ್ಲಿ ಚಿಕಿತ್ಸೆಯಿಲ್ಲದವರು ಉಳಿಯುವುದು ತೀರ ಅಪರೂಪ. ಸೂಜಿಯನ್ನು ಕಟ್ಟುವ ವಂಶವಾಹಿಗಳಿರುವ ಚಿಕ್ಕ ವರ್ತುಲಾಕಾರದ ಡಿ.ಎನ್.ಎ.ಯನ್ನು ತೆಗೆದುಹಾಕಿದರೆ ಅದೇ ರೋಗಾಣು ಬಹುಮಟ್ಟಿಗೆ ನಿರುಪದ್ರವಿಯಾಗುತ್ತದೆ.

ಪರಿಚಿತ ರೋಗಗಳಲ್ಲಿ ಅದೇ ತಂತ್ರ

ಪ್ಲೇಗು ಇಂದು ಅಪರೂಪ. ಆದರೆ ಇಂಥ ಯಂತ್ರಗಳನ್ನು ಹೊಂದಿದ ಇತರ ರೋಗಾಣುಗಳು ನಮ್ಮ ಮನೆಗಳಿಗೆ ಹತ್ತಿರವಾಗಿಯೇ ಇವೆ.

ಟೈಫಾಯಿಡ್ಡಿನ ಸಾಲ್ಮೊನೆಲ್ಲದಲ್ಲಿ ಎರಡು ಪ್ರತ್ಯೇಕ ಸೂಜಿಯಂತ್ರಗಳಿವೆ. ಮೊದಲನೆಯದು ಕರುಳಿನ ಒಳಪದರದ ಕೋಶಗಳನ್ನು ಪ್ರವೇಶಿಸಲು. ಅದರ ಪ್ರೋಟೀನುಗಳ ಪ್ರಭಾವದಿಂದ ಕೋಶವೇ ತನ್ನ ಪೊರೆಯನ್ನು ಅಲೆಯಂತೆ ಎಬ್ಬಿಸಿ ಶತ್ರುವನ್ನು ಒಳಗೆ ಕರೆದುಕೊಳ್ಳುತ್ತದೆ. ಎರಡನೆಯದು ಒಳಸೇರಿದ ಬಳಿಕ, ತನ್ನನ್ನು ನುಂಗಿದ ಕಣದೊಳಗಿನ ಚೀಲದಲ್ಲಿಯೇ ಸುರಕ್ಷಿತವಾಗಿ ಬದುಕಿ ಬೆಳೆಯಲು. ರಕ್ತಬೇಧಿಯನ್ನುಂಟುಮಾಡುವ ಶಿಗೆಲ್ಲದಲ್ಲಿಯೂ ಇಂಥ ಸೂಜಿಯುಂಟು.

ಕಾಲರಾದ ರೋಗಾಣು ತನ್ನ ವಿಷವನ್ನು ಎರಡನೆಯ ಬಗೆಯ ಯಂತ್ರದಿಂದ ಕರುಳಿನೊಳಕ್ಕೆ ಬಿಡುತ್ತದೆ. ರೋಗಾಣುಗಳನ್ನು ಸೋಸಿ ತೆಗೆದ ಬರಿಯ ದ್ರವವೂ ಕರುಳಿನಲ್ಲಿ ಕಾಲರಾದ ನೀರನ್ನು ತುಂಬಿಸಬಲ್ಲುದೆಂದು ೧೯೫೯ರಲ್ಲಿ ಕಲ್ಕತ್ತೆಯ ಡಾ. ಶಂಭುನಾಥ ಡೇ ಸಾಧಿಸಿ ತೋರಿಸಿದರು. ವಿಷವು ರೋಗಾಣುವಿನಿಂದ ಹೊರಗೆ ಬರುತ್ತದೆಂಬುದಕ್ಕೆ ಅದೇ ಖಚಿತವಾದ ಪುರಾವೆಯಾಯಿತು. ಕಾಲರಾದಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ಸೋರಿಹೋಗುತ್ತವೆ ಎಂಬ ಅರಿವಿಗೂ, ಉಪ್ಪು-ಸಕ್ಕರೆಯ ನೀರನ್ನು ಕುಡಿಸಿ ಜೀವವುಳಿಸುವ ಇಂದಿನ ಚಿಕಿತ್ಸೆಗೂ ನೇರ ಸಂಬಂಧವಿದೆ.

ಕ್ಷಯರೋಗದ ಏಕಾಣುವಿನಲ್ಲಿರುವುದು ಏಳನೆಯ ಬಗೆ. ನಮ್ಮಲ್ಲಿ ಹೆಚ್ಚಿನವರ ತೋಳಿನ ಮೇಲೆ ಬಿ.ಸಿ.ಜಿ. ಲಸಿಕೆಯ ಗುರುತಿದೆಯಷ್ಟೆ. ಕಾಲ್ಮೆಟ್ ಮತ್ತು ಗೆರಾಂ ಎಂಬ ಫ್ರೆಂಚ್ ವಿಜ್ಞಾನಿಗಳು ದನದ ಕ್ಷಯದ ರೋಗಾಣುವನ್ನು ೧೯೦೮ರಿಂದ ೧೩ ವರ್ಷಗಳ ಕಾಲ ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿ ಈ ಲಸಿಕೆಯನ್ನು ಪಡೆದರು. ಅದು ಏಕೆ ಸಾಧುವಾಯಿತೆಂಬುದು ಅವರಿಗೆ ತಿಳಿದಿರಲಿಲ್ಲ. ಆ ದೀರ್ಘ ಕೃಷಿಯಲ್ಲಿ ರೋಗಾಣು ಏಳನೆಯ ಬಗೆಯ ಯಂತ್ರದ ಮುಖ್ಯ ವಂಶವಾಹಿಗಳನ್ನು ಕಳೆದುಕೊಂಡಿತ್ತೆಂದು ೧೯೯೦ರ ದಶಕದ ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ. ಸ್ರವಿಕೆಯ ಯಂತ್ರವನ್ನು ಕಳೆದುಕೊಂಡ ರೋಗಾಣುವೇ ಕೋಟ್ಯಂತರ ಮಕ್ಕಳ ರಕ್ಷಣೆಗೆ ನಿಂತಿದೆ.

ಪುಣೆಗೆ ಇತ್ತೀಚಿನ ಪಾಠ

೨೦೨೫ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲಾನ್-ಬಾರೆ ಎಂಬ ನರರೋಗ ಹಠಾತ್ತನೆ ಹಬ್ಬಿತು. ಶಂಕಿತ ಪ್ರಕರಣಗಳು ಇನ್ನೂರನ್ನು ಮೀರಿದುವು. ಕೈಕಾಲುಗಳ ಬಲ ಕುಂದಿ, ಕೆಲವರಿಗೆ ಉಸಿರಾಟಕ್ಕೂ ಯಂತ್ರದ ನೆರವು ಬೇಕಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಹಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯ ಕಂಡುಬಂದಿತು. ಸಂದೇಹ ಕುಡಿಯುವ ನೀರಿನ ಮೇಲೆ ಬಿದ್ದಿತು.

ಈ ಬ್ಯಾಕ್ಟೀರಿಯದಲ್ಲಿ ಪ್ಲೇಗಿನಂಥ ಬೇರೆಯ ಸೂಜಿಯಿಲ್ಲ. ಈಜಲು ಬಳಸುವ ಬಾಲವೇ ಅದಕ್ಕೆ ಸ್ರವಿಕೆಯ ಯಂತ್ರವೂ ಆಗಿದೆ. ಕರುಳಿನ ಕೋಶವನ್ನು ಹೊಗಲು ನೆರವಾಗುವ ಪ್ರೋಟೀನುಗಳನ್ನು ಅದು ಬಾಲದ ಬುಡದ ಮೂಲಕ ಹೊರದೂಡುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಾಲದ ಬುಡವೂ ಪ್ಲೇಗಿನ ಸೂಜಿಯ ಬುಡವೂ ಒಂದೇ ಕುಲಕ್ಕೆ ಸೇರಿದವು. ಒಂದೇ ಮೂಲರಚನೆ ಒಂದು ಕಡೆ ಚಲನೆಯ ಸಾಧನವಾಗಿಯೂ ಇನ್ನೊಂದು ಕಡೆ ಆಯುಧವಾಗಿಯೂ ವಿಕಾಸಗೊಂಡಿದೆ. ನರಗಳಿಗೆ ಆಗುವ ಹಾನಿಗೆ ಮಾತ್ರ ಕಾರಣ ಬೇರೆ. ಈ ಬ್ಯಾಕ್ಟೀರಿಯದ ಹೊರಮೈಯ ಸಕ್ಕರೆಗಳು ನಮ್ಮ ನರಗಳ ಸಕ್ಕರೆಗಳನ್ನು ಹೋಲುತ್ತವೆ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿವಸ್ತುಗಳು ಕೆಲವರಲ್ಲಿ ಸ್ವಂತ ನರಗಳ ಮೇಲೆಯೇ ತಿರುಗಿಬೀಳುತ್ತವೆ.

ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಕಾತ್ರಜದಿಂದ ಕಾಲುವೆಯ ಮೂಲಕ ಪೇಠಗಳ ಹೌದುಗಳಿಗೆ ನೀರನ್ನು ತಂದ ಊರು ಇದು. ನೀರನ್ನು ತರುವುದು ಎಷ್ಟು ಮುಖ್ಯವೋ ಅದನ್ನು ಶುದ್ಧವಾಗಿಡುವುದೂ ಅಷ್ಟೇ ಮುಖ್ಯವೆಂಬುದನ್ನು ೨೦೨೫ರ ಘಟನೆ ನೆನಪಿಗೆ ತಂದಿತು.

ಅದೇ ಯಂತ್ರ, ತಾಯಿಯ ಕೆಲಸಕ್ಕೆ

ಇಷ್ಟು ಓದಿದವರಿಗೆ ಸ್ರವಿಕೆಯ ಯಂತ್ರಗಳೆಲ್ಲ ಕೇಡಿನ ಸಾಧನಗಳೆಂದು ತೋರಬಹುದು. ಹಾಗಲ್ಲ. ಬ್ಯಾಕ್ಟೀರಿಯದ ಸ್ವಂತ ಬೆಳವಣಿಗೆಯಲ್ಲಿಯೂ ಇಂಥದೇ ರಚನೆಗೆ ಸ್ಥಾನವಿದೆ. ಇದಕ್ಕೆ ಉತ್ತಮ ನಿದರ್ಶನ ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್‌ಟಿಲಿಸ್.

ಆಹಾರ ಮುಗಿದಾಗ ಈ ಏಕಾಣು ಬೀಜಾಣುವನ್ನು ಕಟ್ಟತೊಡಗುತ್ತದೆ. ಸಾಮಾನ್ಯವಾಗಿ ಸರಿಯಾಗಿ ಎರಡಾಗುವ ಕೋಶ ಈ ಸಲ ಒಂದು ತುದಿಯಲ್ಲಿ ಗೋಡೆ ಎಬ್ಬಿಸಿ, ದೊಡ್ಡದೊಂದು ತಾಯಿಕೋಶವಾಗಿಯೂ ಚಿಕ್ಕದೊಂದು ಮರಿಕೋಶವಾಗಿಯೂ ಒಡೆಯುತ್ತದೆ. ಬಳಿಕ ತಾಯಿಕೋಶ ಮರಿಯನ್ನು ಎಲ್ಲ ಕಡೆಯಿಂದಲೂ ಸುತ್ತುವರಿದು ತನ್ನ ಗರ್ಭದೊಳಗೆ ತೆಗೆದುಕೊಳ್ಳುತ್ತದೆ. ಈಗ ಮರಿಕೋಶಕ್ಕೆ ಹೊರಗಿನ ಸಂಪರ್ಕವೇ ಇಲ್ಲ. ಅದರ ಸುತ್ತ ಎರಡು ಪೊರೆಗಳು, ಅದರಾಚೆ ತಾಯಿ.

ಈ ಹಂತದಲ್ಲಿ ತಾಯಿ ತನ್ನ ಕಡೆಯಿಂದ ಎಂಟು ಪ್ರೋಟೀನುಗಳನ್ನೂ ಮರಿ ತನ್ನ ಕಡೆಯಿಂದ ಒಂದು ಪ್ರೋಟೀನನ್ನೂ ಒದಗಿಸಿ, ಎರಡು ಪೊರೆಗಳನ್ನೂ ದಾಟುವ ಕಾಲುವೆಯೊಂದನ್ನು ಕಟ್ಟುತ್ತವೆ. ಈ ಕಾಲುವೆಯ ಒಂದು ಭಾಗ, ಪ್ಲೇಗಿನ ಸೂಜಿಯ ಬುಡದಲ್ಲಿರುವ ಉಂಗುರದ ಪ್ರೋಟೀನನ್ನು ಹೋಲುತ್ತದೆಂದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಗಳು ತಿಳಿಸಿದುವು. ಇದರ ಮೂಲಕ ತಾಯಿಯಿಂದ ಮರಿಗೆ ಪೋಷಕ ಅಣುಗಳು ಸಾಗುತ್ತವೆಂದು ರಿಚರ್ಡ್ ಲೋಸಿಕ್ ಮೊದಲಾದ ವಿಜ್ಞಾನಿಗಳ ಅಭಿಪ್ರಾಯ. ಕಾಲುವೆ ಇಲ್ಲದಂತೆ ಮಾಡಿದರೆ ಮರಿಕೋಶ ಬೆಳೆಯದೆ ಮುದುಡಿಹೋಗುತ್ತದೆ. ಹೊಕ್ಕುಳಬಳ್ಳಿಗೆ ಇದಕ್ಕಿಂತ ಹತ್ತಿರವಾದ ಹೋಲಿಕೆಯನ್ನು ಏಕಾಣುಗಳ ಲೋಕದಲ್ಲಿ ಕಾಣುವುದು ಕಷ್ಟ. ಮರಿಗೆ ಗಟ್ಟಿಯಾದ ಕವಚವನ್ನು ತೊಡಿಸಿದ ಮೇಲೆ ತಾಯಿಕೋಶ ಒಡೆದು ಸಾಯುತ್ತದೆ. ಉಳಿದ ಬೀಜಾಣು ಬಿಸಿಲು, ಬರ, ಕುದಿನೀರುಗಳನ್ನು ತಾಳಿಕೊಂಡು ವರ್ಷಗಟ್ಟಲೆ ಕಾಯಬಲ್ಲುದು.

ಈ ತಾಳ್ಮೆಯೇ ಮನುಷ್ಯನಿಗೆ ಕೆಲವೊಮ್ಮೆ ಕಂಟಕ. ಧನುರ್ವಾಯುವಿನ ರೋಗಾಣುವೂ ಬೀಜಾಣು ಕಟ್ಟುವ ಜಾತಿಯದೇ. ಪ್ಲೇಗಿನ ಇತಿಹಾಸದಲ್ಲಿ ಅದೂ ಒಂದು ದುಃಖದ ಅಧ್ಯಾಯವನ್ನು ಸೇರಿಸಿದೆ. ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ೧೮೯೭ರ ಜನವರಿ ೧೦ರಂದು ಅದನ್ನು ಮೊದಲು ತನಗೇ ಚುಚ್ಚಿಸಿಕೊಂಡಿದ್ದನು. ಮುಂದೆ ಹುಬ್ಬಳ್ಳಿ-ಧಾರವಾಡಗಳಲ್ಲಿಯೂ ಈ ಲಸಿಕೆಯನ್ನು ಬಹುಸಂಖ್ಯೆಯ ಜನರಿಗೆ ಹಾಕಲಾಯಿತು. ಆದರೆ ೧೯೦೨ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ೧೯ ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್‌ನ ಮೇಲೆ ದೋಷ ಹೊರಿಸಲಾಯಿತು. ಸೀಸೆಯ ಬೂಚನ್ನು ತೆರೆದ ಚಿಮುಟ ನೆಲಕ್ಕೆ ಬಿದ್ದಿತ್ತೆಂದೂ ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಯಿತೆಂದೂ ಬೆಳಕಿಗೆ ಬಂದು, ೧೯೦೭ರಲ್ಲಿ ಆತ ದೋಷಮುಕ್ತನಾದನು. ಲಸಿಕೆಯಲ್ಲಿ ದೋಷವಿರಲಿಲ್ಲ, ಮಣ್ಣಿನಲ್ಲಿ ಕಾದು ಕುಳಿತಿದ್ದ ಬೀಜಾಣುವಿನ ಮುಂದೆ ಒಂದು ಕ್ಷಣದ ಅಲಕ್ಷ್ಯ ಸೋತಿತ್ತು.

ಚಿಕಿತ್ಸೆ ಮತ್ತು ಹೊಸ ಆಶೆ

ಪ್ಲೇಗು ಈಗ ಗುಣವಾಗುವ ರೋಗ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದ ಔಷಧಗಳು ಬೇಗನೆ ದೊರೆತರೆ ಜೀವ ಉಳಿಯುತ್ತದೆ. ಪೆನಿಸಿಲಿನ್ ಮಾತ್ರ ಇದಕ್ಕೆ ನಾಟುವುದಿಲ್ಲ. ಮುಳಬಾಗಿಲು ಕಡೆಯ ೧೯೬೬ರ ಪ್ರಕರಣದ ಬಳಿಕ ಬಹುಕಾಲ ದೇಶದಲ್ಲಿ ಮನುಷ್ಯರಲ್ಲಿ ಪ್ಲೇಗು ಕಾಣಲಿಲ್ಲ. ೧೯೯೪ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿಯೂ ಗುಜರಾತಿನ ಸೂರತ್ತಿನಲ್ಲಿಯೂ ಮತ್ತೆ ತಲೆಯೆತ್ತಿತು. ಸೂರತ್ತಿನಿಂದ ಲಕ್ಷಾಂತರ ಜನ ರೈಲು ಹತ್ತಿ ಓಡಿದರು. ಔಷಧ ಕೈಯಲ್ಲಿದ್ದರೂ ಭೀತಿ ಹಾಗೆಯೇ ಉಳಿದಿತ್ತೆಂಬುದಕ್ಕೆ ಇದು ಸಾಕ್ಷಿ.

ರೋಗಾಣುವನ್ನು ಕೊಲ್ಲುವ ಔಷಧಗಳಿಗೆ ಒಂದು ತೊಡಕಿದೆ. ಕೊಲ್ಲಲು ಹೊರಟಾಗ, ಸಾಯದೆ ಉಳಿದ ಕೆಲವು ರೋಗಾಣುಗಳೇ ಬೆಳೆದು ಔಷಧಕ್ಕೆ ಮಣಿಯದ ಸಂತತಿಯಾಗುತ್ತದೆ. ನಮ್ಮ ಊರುಗಳಲ್ಲಿ ಟೈಫಾಯಿಡ್ಡಿನ ಹಳೆಯ ಔಷಧಗಳು ಒಂದೊಂದಾಗಿ ನಿಷ್ಫಲವಾಗುತ್ತಿರುವುದಕ್ಕೆ ಇದೇ ಕಾರಣ. ರೋಗಾಣುವನ್ನು ಕೊಲ್ಲದೆ ಅದರ ಸೂಜಿಯನ್ನು ಮಾತ್ರ ಮೊಂಡಾಗಿಸಿದರೆ ಹೇಗೆ? ಆಯುಧವಿಲ್ಲದ ಶತ್ರುವನ್ನು ಬಿಳಿಯ ರಕ್ತಕಣಗಳೇ ನೋಡಿಕೊಳ್ಳಬಲ್ಲವು. ಮೂರನೆಯ ಬಗೆಯ ಯಂತ್ರವನ್ನು ತಡೆಯುವ ರಾಸಾಯನಿಕಗಳು ಈ ಶತಮಾನದ ಆರಂಭದಿಂದ ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗೆ ಒಳಗಾಗಿವೆ. ಸೂಜಿಯ ತುದಿಯ ಪ್ರೋಟೀನನ್ನೇ ಅಂಶವಾಗಿರಿಸಿಕೊಂಡ ಪ್ಲೇಗಿನ ಲಸಿಕೆಗಳ ಮೇಲೂ ಕೆಲಸ ನಡೆದಿದೆ. ಟೈಫಾಯಿಡ್ಡಿಗೆ ಹೈದರಾಬಾದಿನಲ್ಲಿ ತಯಾರಾದ ಸಂಯುಕ್ತ ಲಸಿಕೆಯಂತೂ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯನ್ನು ಪಡೆದು ಮಕ್ಕಳಿಗೆ ದೊರೆಯುತ್ತಿದೆ.

ಗೃಹಸ್ಥರು ಗಮನಿಸಬೇಕಾದ ವಿಷಯಗಳು

೧. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸುವುದು ಲೇಸು. ಟೈಫಾಯಿಡ್, ಕಾಲರಾ, ಆಮಶಂಕೆ, ಕ್ಯಾಂಪಿಲೊಬ್ಯಾಕ್ಟರ್ ರೋಗಾಣುಗಳೆಲ್ಲವೂ ಕುದಿಯುವಿಕೆಗೆ ಸಾಯುತ್ತವೆ. ಬಾಡಿಗೆಯ ಮನೆಯ ಮಾಳಿಗೆಯ ಟಾಕಿಯನ್ನು ಕಾಲಕಾಲಕ್ಕೆ ತೊಳೆಯಿಸಬೇಕು. ಟ್ಯಾಂಕರಿನ ನೀರನ್ನು ಕುದಿಸದೆ ಕುಡಿಯಬಾರದು.

೨. ಬೀಜಾಣುಗಳು ಮಾತ್ರ ಕುದಿಯುವಿಕೆಗೆ ಸಾಯುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಬೀಜಾಣುಗಳು ಅನ್ನ ಬೆಂದ ಮೇಲೂ ಉಳಿದು, ಅನ್ನವನ್ನು ಹೊರಗೇ ಇಟ್ಟರೆ ಮೊಳೆತು ವಿಷವನ್ನುಂಟುಮಾಡಬಲ್ಲವು. ವಾಂತಿಯನ್ನು ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ರಾತ್ರಿಯ ಅನ್ನದಿಂದ ಬೆಳಗಿನ ಚಿತ್ರಾನ್ನ ಮಾಡುವ ಮನೆಗಳಲ್ಲಿ ಅನ್ನವನ್ನು ಬೇಗ ಆರಿಸಿ ತಂಪುಪೆಟ್ಟಿಗೆಯಲ್ಲಿ ಇರಿಸುವುದು ಅಗತ್ಯ.

೩. ಮಣ್ಣು ಸೋಕಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

೪. ವೈದ್ಯರು ಹೇಳಿದಷ್ಟು ದಿನ ಔಷಧವನ್ನು ಪೂರ್ತಿಯಾಗಿ ಸೇವಿಸಬೇಕು. ಜ್ವರ ಇಳಿಯಿತೆಂದು ನಡುವೆ ಬಿಡುವುದೂ ಅಂಗಡಿಯಿಂದ ಸ್ವತಃ ತಂದು ನುಂಗುವುದೂ ಮಣಿಯದ ರೋಗಾಣುಗಳಿಗೆ ಆಹ್ವಾನ.

೫. ಭೇದಿಯಾದ ಕೆಲವು ದಿನಗಳಲ್ಲಿ ಕೈಕಾಲುಗಳಲ್ಲಿ ಜುಮುಜುಮು, ಬಲಹೀನತೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

೬. ಧಾನ್ಯವನ್ನು ಮುಚ್ಚಿದ ಡಬ್ಬಿಗಳಲ್ಲಿ ಇರಿಸಿ, ಇಲಿಗಳಿಗೆ ಆಶ್ರಯ ದೊರೆಯದಂತೆ ನೋಡಿಕೊಳ್ಳಬೇಕು. ಕಾರಣವಿಲ್ಲದೆ ಹಲವು ಇಲಿಗಳು ಸತ್ತುಬಿದ್ದರೆ ಬರಿಗೈಯಿಂದ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕೊನೆಯ ಮಾತು

೧೮೯೭ರಲ್ಲಿ ಈ ಪೇಠಗಳಲ್ಲಿ ಸೈನಿಕರು ಬಾಗಿಲನ್ನು ತಟ್ಟಿದಾಗ ಒಳಗಿದ್ದವರು ರೋಗಿಯನ್ನು ಅಡಗಿಸಿದರು. ಆಳುವವರು ಕಾರಣವನ್ನು ತಿಳಿಸಲಿಲ್ಲ, ತಿಳಿಸಲು ಅವರಿಗೂ ಅದು ಗೊತ್ತಿರಲಿಲ್ಲ. ಬಲಪ್ರಯೋಗ ಮಾತ್ರ ಗೊತ್ತಿತ್ತು. ಇಂದು ಚಿಗಟದಿಂದ ಸೂಜಿಯವರೆಗೆ ರೋಗದ ದಾರಿ ಹೆಜ್ಜೆಹೆಜ್ಜೆಯಾಗಿ ತಿಳಿದಿದೆ. ತಿಳಿದ ವಿಷಯವನ್ನು ಮನೆಮಂದಿಗೆ ಅವರದೇ ನುಡಿಯಲ್ಲಿ ಮುಟ್ಟಿಸಿದರೆ ರೋಗಿಯನ್ನು ಬಚ್ಚಿಡುವ ಪ್ರಸಂಗವೇ ಬರುವುದಿಲ್ಲ. ತವರಿನಿಂದ ದೂರವಿದ್ದು ಪರಭಾಷೆಯ ಆಸ್ಪತ್ರೆಗಳಲ್ಲಿ ಸಾಲುನಿಲ್ಲುವ ಕನ್ನಡಿಗರಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ. ಮನೆಗೆ ಹೊಸದಾಗಿ ಬಂದ ಹಿರಿಯರಿಗೂ ಕೋಣೆ ಹಿಡಿದು ಓದುವ ಮಕ್ಕಳಿಗೂ ನೀರು, ಅನ್ನ, ಔಷಧಗಳ ಈ ಸಣ್ಣ ನಿಯಮಗಳನ್ನು ಕಾರಣಸಹಿತವಾಗಿ ತಿಳಿಸಿಕೊಡುವುದು ಪ್ರತಿಯೊಂದು ಸಂಸಾರದ ಕರ್ತವ್ಯ.